ಹಲ್ಲು ಕಾಣಬಾರದು

ವೀಸಾ ಎಂದರೆ ಫೋಟೋ, ಉಳಿದದ್ದೆಲ್ಲ ಅದಕ್ಕೆ ಅಂಟಿಸಿದ ಕಾಗದ. ಇದು ನನ್ನ ಮಾವನವರ ಸಿದ್ಧಾಂತ.

ಅವರು ನಲವತ್ತೊಂದು ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡಿದ್ದಾರೆ. ಮದುವೆಗೆ ಕ್ಯಾಮೆರಾ ಹಿಡಿದು ಹೋದವರಲ್ಲ, ಹೂವು ಹಕ್ಕಿಗಳ ಕಡೆ ತಿರುಗಿ ನೋಡಿದವರಲ್ಲ. ವೀಸಾ, ಪಾಸ್‌ಪೋರ್ಟ್, ಗುರುತಿನ ಚೀಟಿ, ಅಷ್ಟೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಒಂದು ತಿರುಗುವ ಸ್ಟೂಲು, ಅದರ ಹಿಂದೆ ಬಿಳಿ ಬಟ್ಟೆ, ಎರಡು ಕೊಡೆ ದೀಪ, ಕನ್ನಡಿಗೆ ದಾರ ಕಟ್ಟಿ ನೇತುಹಾಕಿದ ಬಾಚಣಿಗೆ, ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಲು ಒಂದು ಡಬ್ಬಿ ಪಿನ್ನು. ಗೋಡೆಯ ಮೇಲೆ ಅವರೇ ಬರೆದ ಬೋರ್ಡು: ಕಿವಿ ಎರಡೂ ಕಾಣಬೇಕು. ಹಲ್ಲು ಒಂದೂ ಕಾಣಬಾರದು.

ಮಾವ ಸ್ವತಃ ಯಾವ ದೇಶಕ್ಕೂ ಹೋದವರಲ್ಲ. ಆದರೆ ನಮ್ಮ ಬೀದಿಯಿಂದ ಹೋದವರೆಲ್ಲ ಆ ಸ್ಟೂಲಿನ ಮೇಲೆ ಕೂತು ಎದ್ದೇ ಹೋದವರಾದ್ದರಿಂದ, ಅವರನ್ನೆಲ್ಲ ತಾನೇ ಕಳಿಸಿದ್ದು ಎಂದು ಅವರ ಎಣಿಕೆ. ಬೀದಿಯವರೂ ತಕರಾರು ಮಾಡದೆ ‘ವೀಸಾ ಸಾಹೇಬ್ರು’ ಎಂದು ಕರೆಯುತ್ತಿದ್ದರು. ಫೋಟೋ ಕತ್ತರಿಸಿ, ಬೆನ್ನಿಗೆ ತಾರೀಖಿನ ದುಂಡು ಮುದ್ರೆ ಒತ್ತಿ, ಗಿರಾಕಿಯ ಕೈಗೆ ಕೊಡುವಾಗ ಒಂದು ಉಪದೇಶ ಇರುತ್ತಿತ್ತು.

“ಇವತ್ತಿಂದ ಇದಕ್ಕೆ ಆರು ತಿಂಗಳು ಆಯಸ್ಸು. ಅಷ್ಟರೊಳಗೆ ನೀವು ದಪ್ಪ ಆಗಿ, ಬೋಳು ಆಗಿ, ಏನೇ ಆಗಿ. ಕಾನೂನಿನ ಕಣ್ಣಲ್ಲಿ ನೀವು ಹೀಗೇ ಇರ್ತೀರಿ.”

ಸಾವಿರಾರು ಜನ ಇದನ್ನು ಕೇಳಿ ತಲೆಯಾಡಿಸಿ ಹೋಗಿದ್ದಾರೆ. ಪೂರ್ತಿಯಾಗಿ ನಂಬಿದವರು ಮಾವ ಒಬ್ಬರೇ.

ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ, ದೂರದ ದೇಶದಲ್ಲಿ ನೆಲೆಸಿದವರು. ಹದಿಮೂರು ವರ್ಷದ ಹಿಂದೆ ಅಲ್ಲಿ ತಮ್ಮನ ಹೆಸರಿನಲ್ಲಿ ವಲಸೆ ವೀಸಾಕ್ಕೆ ಅರ್ಜಿ ಹಾಕಿದ್ದರು. ಆಗ ನನ್ನವರಿಗಿನ್ನೂ ಮದುವೆಯಾಗಿರಲಿಲ್ಲ. ಆಮೇಲೆ ನಾನು ಬಂದೆ. ಆಮೇಲೆ ಪುಟ್ಟಿ ಹುಟ್ಟಿದಳು. ಸರದಿ ಬರುವಷ್ಟರಲ್ಲಿ ಒಂದು ಹೆಸರಿನ ಅರ್ಜಿ ಮೂರು ಹೆಸರಿನದಾಗಿತ್ತು. ಮುಖ್ಯ ಅರ್ಜಿದಾರರು ಅವರು, ಬೆನ್ನಿಗೆ ನಾವಿಬ್ಬರು. ಮಾವನ ಹೆಸರು ಇರಲಿಲ್ಲ. ಯಾಕೆ ಎಂದು ಕೇಳಿದರೆ, “ಫೋಟೋ ತೆಗೆಯೋನು ಫೋಟೋದಲ್ಲಿ ಇರಲ್ಲ ಕಣಮ್ಮ” ಎಂದಿದ್ದರು.

ಸಂದರ್ಶನಕ್ಕೆ ಸಿದ್ಧರಾಗಿ ಎಂಬ ಕಾಗದ ಬಂದದ್ದು ಮಂಗಳವಾರ. ಬುಧವಾರವೇ ಮಾವ ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿದರು. ನನ್ನದು ಎರಡನೇ ಸಲಕ್ಕೆ ಸರಿಹೋಯಿತು. ನಾಲಿಗೆ ಹೊರಗೆ ಹಾಕುತ್ತಿದ್ದ ಪುಟ್ಟಿಯದು ಆರನೇ ಸಲಕ್ಕೆ. ಅವರ ಸರದಿ ಬರುವಾಗ ನಾನು ಅಡುಗೆಮನೆಯಲ್ಲಿದ್ದೆ. ಮಾವ ಸ್ವಂತ ಮಗನಿಗೂ ಆರು ತಿಂಗಳ ಉಪದೇಶವನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದರು. “ನಗಬೇಡ ಅಂದೆ” ಎಂಬ ಗದರಿಕೆ ಕೇಳಿಸಿತು. ಅವರ ನಗು ಕೇಳಿಸಿತು. ಮತ್ತೆ ಗದರಿಕೆ, ಮತ್ತೆ ನಗು.

ಅವರು ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಎದೆ ಹಿಡಿದುಕೊಂಡು ಕೂತರು. ಏಳಲಿಲ್ಲ.

ಎರಡು ವಾರ ಸ್ಟುಡಿಯೋ ಬಾಗಿಲು ಮುಚ್ಚಿತ್ತು. ಮೂರನೇ ವಾರ ಇನ್ನೊಂದು ಕಾಗದ ಬಂತು. ನಮ್ಮ ದೇಶದಲ್ಲಿರುವ ಆ ದೂರದ ದೇಶದ ಕಾನ್ಸುಲೇಟಿನಲ್ಲಿ ಸಂದರ್ಶನಗಳನ್ನು ಅನಿರ್ದಿಷ್ಟ ಕಾಲ ನಿಲ್ಲಿಸಲಾಗಿದೆ. ಬೇಕಾದವರು ಕಾರಣ ತಿಳಿಸಿ ಬೇರೊಂದು ದೇಶದಲ್ಲಿರುವ ಕಾನ್ಸುಲೇಟಿಗೆ ತಮ್ಮ ಸಂದರ್ಶನವನ್ನು ವರ್ಗಾಯಿಸಿಕೊಳ್ಳಬಹುದು.

ಮುಖ್ಯ ಅರ್ಜಿದಾರರೇ ತೀರಿಕೊಂಡರೆ ಅರ್ಜಿಯೂ ಅಲ್ಲಿಗೆ ಮುಗಿಯುತ್ತದೆ. ಅದು ನನಗೆ ಗೊತ್ತಿತ್ತು. ನಿಯಮದ ಪುಟ ಹುಡುಕಿ ಎರಡು ಸಲ ಓದಿದ್ದೆ. ಮಾವನಿಗೆ ಹೇಳಿಬಿಡೋಣವೆಂದು ಮುಂದಿನ ಕೋಣೆಗೆ ಹೋದೆ. ಅವರು ಷಟರ್ ಎತ್ತಿ, ಕಾಗದದ ಮೇಲೆ ಭೂತಗನ್ನಡಿ ಇಟ್ಟುಕೊಂಡು ಓದುತ್ತಿದ್ದರು. ಹದಿನೈದು ದಿನದ ನಂತರ ಮೊದಲ ಸಲ ಗಡ್ಡ ಕೆರೆದುಕೊಂಡಿದ್ದರು.

ಹೇಳಲಿಲ್ಲ.

ಷಟರ್ ಮೇಲೆದ್ದ ಸದ್ದಿಗೆ ಎದುರಿನ ಔಷಧಿ ಅಂಗಡಿಯವರೂ ಪಕ್ಕದ ಟಿಕೆಟ್ ಏಜೆಂಟರೂ ಬಂದರು. ಹದಿನೈದು ದಿನದಿಂದ ಇಬ್ಬರೂ ನಮ್ಮನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು. ಕೆಟ್ಟವರಲ್ಲ. ಏನು ಮಾತಾಡಬೇಕೋ ಗೊತ್ತಾಗುತ್ತಿರಲಿಲ್ಲ. ಈಗ ಮಾತಾಡಲು ಒಂದು ಕಾಗದ ಸಿಕ್ಕಿತು.

“ಯಾವ ದೇಶ ಬೇಗ?” ಮಾವ ಕೇಳಿದರು.

ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡರು. “ಅಲ್ಲ ಸಾಹೇಬ್ರೇ, ಹುಡುಗ...”

“ಹುಡುಗನ ಫೋಟೋ ಇದೆ. ಬುಧವಾರದ ಮುದ್ರೆ ಬಿದ್ದಿದೆ. ಆರು ತಿಂಗಳು.”

“ಫೋಟೋ ಇದೆ, ಸರಿ. ಆದ್ರೆ...”

“ನಲವತ್ತೊಂದು ವರ್ಷದಲ್ಲಿ ನನ್ನ ಒಂದು ಫೋಟೋ ವಾಪಸ್ ಬಂದಿದೆಯಾ?”

“ಇಲ್ಲ.”

“ಮತ್ತೆ?”

ಈ ‘ಮತ್ತೆ’ಗೆ ಅವರ ಅಂಗಡಿಯಲ್ಲಿ ಔಷಧಿ ಇರಲಿಲ್ಲ.

“ನೋಡಿ, ರೈಲು ಹೊರಟು ಹದಿಮೂರು ವರ್ಷ ಆಯ್ತು,” ಮಾವ ವಿವರಿಸಿದರು. “ಎಂಜಿನ್ ಕಳಚಿಕೊಂಡಿದೆ ಅಂತಾನೇ ಇಟ್ಕೊಳ್ಳಿ. ಹಿಂದಿನ ಎರಡು ಬೋಗಿ ಓಡ್ತಾ ಇರುತ್ತೋ ಇಲ್ವೋ? ಸ್ವಲ್ಪ ದೂರ ಓಡುತ್ತೆ. ಆ ಸ್ವಲ್ಪ ದೂರ ಅಂದ್ರೆ ಆರು ತಿಂಗಳು. ಅಷ್ಟರಲ್ಲಿ ಸ್ಟೇಷನ್ ಸೇರಿಸಿಬಿಡಬೇಕು. ಇವಳೂ ಮಗೂನೂ ಅಲ್ಲಿಗೆ ಹೋಗಿ ನನ್ನ ಮಗಳ ಹತ್ರ ಇದ್ದುಬಿಟ್ರೆ ನನಗೆ ನೆಮ್ಮದಿ. ಇಲ್ಲಿ ಈ ಕೋಣೆಯಲ್ಲಿ ಏನಿದೆ?”

ಟಿಕೆಟ್ ಏಜೆಂಟರು ಯೋಚಿಸಿ ಒಂದು ದೇಶ ಸೂಚಿಸಿದರು. ನೇರ ವಿಮಾನ, ಕಾಲು ಚಾಚಲು ಜಾಗ. ಔಷಧಿ ಅಂಗಡಿಯವರು ಇನ್ನೊಂದು ದೇಶ ಹೇಳಿದರು. ಅಲ್ಲಿನ ಅಧಿಕಾರಿಗಳು ಬಲು ಮೃದುವಂತೆ, ಅವರ ಷಡ್ಡಕ ಕಂಡು ಬಂದಿದ್ದನಂತೆ. ಮಾವ ಎರಡನ್ನೂ ತಳ್ಳಿಹಾಕಿ, ಎಲ್ಲಿ ಸಾಲು ಚಿಕ್ಕದೋ ಆ ಮೂರನೇ ದೇಶವನ್ನು ಆರಿಸಿದರು. ಅದು ಎಲ್ಲಿದೆ ಎಂದು ನನ್ನನ್ನು ಆಮೇಲೆ ಕೇಳಿದರು.

ಮನವಿಯನ್ನು ಅವರು ಹೇಳಿದರು, ನಾನು ಕಂಪ್ಯೂಟರಿನಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸಿ ಬರೆದೆ.

“ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಬಳಿಯಿರುವ ಫೋಟೋಗಳು ತಮ್ಮ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಇವೆ. ಆದರೆ ಅವುಗಳ ಆಯಸ್ಸು ದಿನದಿನಕ್ಕೆ ಕ್ಷೀಣಿಸುತ್ತಿದೆ. ಬರೆದೆಯಾ?”

“ಬರೆದೆ.”

“ಕ್ಷೀಣಿಸುತ್ತಿದೆ ಅಂತಾನೇ ಬರೆದ್ಯಾ?”

“ಹೌದು ಮಾವ.”

“ಹಾಗಾದ್ರೆ ಅವರಿಗೆ ತಟ್ಟುತ್ತೆ.”

ಅರ್ಜಿಯ ಕೊನೆಯಲ್ಲಿ ಒಂದು ಚಿಕ್ಕ ಚೌಕವಿತ್ತು. ಅರ್ಜಿದಾರರ ವಿವರಗಳಲ್ಲಿ ಏನಾದರೂ ಬದಲಾವಣೆ ಇದೆಯೇ? ಆ ಹೊತ್ತಿಗೆ ಒಬ್ಬ ಗಿರಾಕಿ ಬಂದ, ಮಾವ ಎದ್ದು ಹೋದರು. ನಾನು ಚೌಕದಲ್ಲಿ ಬರೆದೆ: ಮುಖ್ಯ ಅರ್ಜಿದಾರರು ತೀರಿಕೊಂಡಿದ್ದಾರೆ. ಕೆಳಗೆ ತಾರೀಖು ಹಾಕಿದೆ. ಅಲ್ಲಿಯವರೆಗೆ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ, ಎಲ್ಲರಿಗೂ ನನಗಿಂತ ಮೊದಲೇ ಗೊತ್ತಾಗಿತ್ತು.

ಇದನ್ನು ಓದಿದವರು ಫೈಲು ಮುಚ್ಚುತ್ತಾರೆ, ಮಾವನಿಗೆ ಅವರೇ ತಿಳಿಸಿದ ಹಾಗಾಗುತ್ತದೆ ಎಂಬುದು ನನ್ನ ಲೆಕ್ಕ.

ಹನ್ನೊಂದು ವಾರದ ನಂತರ ಉತ್ತರ ಬಂತು.

“ನಿಮ್ಮ ಕೋರಿಕೆಯನ್ನು ಮನ್ನಿಸಲಾಗಿದೆ. ನೀವು ತಿಳಿಸಿದ ಬದಲಾವಣೆಯನ್ನು ದಾಖಲಿಸಿಕೊಳ್ಳಲಾಗಿದೆ. ಸಂದರ್ಶನಕ್ಕೆ ಮೂವರೂ ಅರ್ಜಿದಾರರು ಖುದ್ದಾಗಿ ಹಾಜರಿರತಕ್ಕದ್ದು.”

ತಾರೀಖನ್ನು ಕ್ಯಾಲೆಂಡರಿನಲ್ಲಿ ನೋಡಿದೆವು. ಆ ದಿನಕ್ಕೆ ಫೋಟೋದ ಆಯಸ್ಸಿನಲ್ಲಿ ಇನ್ನೂ ಒಂಬತ್ತು ದಿನ ಉಳಿದಿರುತ್ತಿತ್ತು.

ಅದು ಯಾವುದೋ ಯಂತ್ರ ತಾನಾಗಿ ಕಳಿಸಿದ ಕಾಗದ. ಯಾರೂ ಏನೂ ಓದಿರಲಿಲ್ಲ. ನಾನು ಓದಿದವಳು, ನನಗೆ ಅರ್ಥವಾಗಬೇಕಿತ್ತು. ಆದರೂ ‘ಮೂವರೂ’ ಎಂಬಲ್ಲಿಗೆ ಬಂದು ಮತ್ತೆ ಮತ್ತೆ ಓದಿದೆ. ಒಂದು ಸಂಜೆಯ ಮಟ್ಟಿಗೆ ನಾನೂ ನಂಬಿದೆ. ಏನನ್ನು ನಂಬಿದೆ ಎಂದು ಕೇಳಬಾರದು.

ವಿಷಯ ತಿಳಿದು ಅತ್ತಿಗೆ ಫೋನ್ ಮಾಡಿದರು. ಮಾವ ಎಂದಿನಂತೆ ಸ್ಪೀಕರಿಗೆ ಹಾಕಿ ದೂರದಿಂದ ಕೂಗಿ ಮಾತಾಡಿದರು.

“ಅಪ್ಪಾ, ಅವನೇ ಇಲ್ಲದ ಮೇಲೆ ಆ ಫೈಲೂ ಇಲ್ಲ. ನಾನು ಇಲ್ಲಿ ವಿಚಾರಿಸಿದೀನಿ. ಸುಮ್ನೆ ಅವರಿಬ್ಬರನ್ನ ಅಲೆಸಬೇಡಿ.”

“ವಿಚಾರಿಸಿದ್ದು ನೀನು. ಕಾಗದ ಬಂದಿದ್ದು ನನಗೆ.”

“ಅವರಿಗೆ ವಿಷಯ ಗೊತ್ತಿಲ್ಲಪ್ಪ.”

“ಗೊತ್ತು. ಇವಳೇ ಬರೆದು ತಿಳಿಸಿದ್ದಾಳೆ.” ಮಾವ ನನ್ನ ಕಡೆ ನೋಡಲಿಲ್ಲ. ಉತ್ತರದ ಜೊತೆ ನಮ್ಮ ಅರ್ಜಿಯ ಪ್ರತಿಯನ್ನೂ ಕಳಿಸಿದ್ದರು. ಅದರ ಮೇಲೂ ಭೂತಗನ್ನಡಿ ಓಡಿತ್ತು. “ದಾಖಲಿಸಿದೀವಿ ಅಂತಾನೂ ಹೇಳಿದ್ದಾರೆ. ಆದ್ರೂ ಮೂವರೂ ಬನ್ನಿ ಅಂತಿದ್ದಾರೆ. ಹಾಗಂದ್ರೆ ಏನರ್ಥ, ನೀನೇ ಹೇಳು.”

ಆ ದೇಶದಲ್ಲಿ ಇಪ್ಪತ್ತು ವರ್ಷ ಇದ್ದ ಅತ್ತಿಗೆಗೂ ಅರ್ಥ ಹೇಳಲಾಗಲಿಲ್ಲ. ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಬಂತು. “ನೆಗಡಿ ಇದ್ರೆ ಔಷಧಿ ತಗೋ” ಎಂದು ಹೇಳಿ ಮಾವ ಫೋನ್ ಇಟ್ಟರು.

ಟಿಕೆಟ್ ಮಾಡಿಸಲು ಹೋದಾಗ ಏಜೆಂಟರು ಕಾಗದವನ್ನು ಗಟ್ಟಿಯಾಗಿ ಓದಿದರು. ‘ಮೂವರೂ’ ಎಂಬಲ್ಲಿ ನಿಂತರು. ನನ್ನನ್ನು ನೋಡಿದರು, ಪುಟ್ಟಿಯನ್ನು ನೋಡಿದರು. ನೋಡುವುದಕ್ಕೆ ಮತ್ತೊಬ್ಬರು ಬೇಕಾಗಿತ್ತು.

“ಮಗುವನ್ನ ಕರ್ಕೊಂಡು ಇವಳೊಬ್ಬಳೇ ಹೇಗೆ ಹೋಗ್ತಾಳೆ? ನಾನೂ ಹೋಗ್ತೀನಿ,” ಎಂದರು ಮಾವ.

ಏಜೆಂಟರು ಬೆರಳು ಮಡಚಿದರು. “ನೀವು, ಅಮ್ಮಾವ್ರು, ಮಗು. ಮೂರು.” ಅವರ ಮುಖ ಹಗುರಾಯಿತು. “ಅವರು ಕೇಳಿದ್ದೂ ಮೂರು. ಅಲ್ಲಿಗೆ ತಲೆ ಲೆಕ್ಕ ಸರಿಹೋಯ್ತು ಬಿಡಿ ಸಾಹೇಬ್ರೇ.”

ಸಂಜೆಯೊಳಗೆ ತಲೆ ಲೆಕ್ಕ ಸರಿಹೋದ ಸುದ್ದಿ ಬೀದಿಯ ತುದಿ ಮುಟ್ಟಿತು. ಎಲ್ಲರಿಗೂ ಸಮಾಧಾನವಾಯಿತು.

ಹೊರಡುವ ಹಿಂದಿನ ದಿನ ನಾನು ಕಾಗದಗಳನ್ನೆಲ್ಲ ಜೋಡಿಸಿದೆ. ಎಲ್ಲದರ ಅಡಿಯಲ್ಲಿ ಮರಣ ಪತ್ರ ಇಟ್ಟೆ. ನನ್ನ ಫೋಟೋ, ಪುಟ್ಟಿಯ ಫೋಟೋ ಪಾರದರ್ಶಕ ಹಾಳೆಯಲ್ಲಿದ್ದವು. ಅವರದು ಮಾತ್ರ ಅಂಟು ಹಾಕಿದ ಕಂದು ಲಕೋಟೆಯಲ್ಲಿತ್ತು.

“ಇದನ್ನ ನೋಡ್ಲಾ ಮಾವ?”

“ಅಂಟಿಸಿ ಆಗಿದೆಯಲ್ಲ. ಕೌಂಟರಲ್ಲೇ ತೆಗೆಯೋದು. ಬೆಳಕು ತಾಗಬಾರದು.”

ಪ್ರಿಂಟ್ ಹಾಕಿ ಮುಗಿದ ಫೋಟೋಕ್ಕೆ ಬೆಳಕು ತಾಗಬಾರದೆಂಬುದು ನನಗೆ ಹೊಸ ವಿಷಯ. ಆದರೆ ನಲವತ್ತೊಂದು ವರ್ಷದ ಅನುಭವದೆದುರು ನಾನು ಏನು ಮಾತಾಡಲಿ.

ಸಾಲು ಚಿಕ್ಕದೆಂದು ಆರಿಸಿದ ಆ ಮೂರನೇ ದೇಶದಲ್ಲೂ ಕಾನ್ಸುಲೇಟಿನ ಗೇಟಿನ ಹೊರಗೆ ಉದ್ದ ಸಾಲು. ಜನ ತಮ್ಮ ತಮ್ಮ ಫೋಟೋಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮಾವನ ಕಣ್ಣು ಸುಮ್ಮನಿರಲಿಲ್ಲ. ಹಿಂದಕ್ಕೂ ಮುಂದಕ್ಕೂ ಓಡಾಡಿ ಎಲ್ಲರ ಫೋಟೋ ಪರಿಶೀಲಿಸಿದರು. ಅಲ್ಲಿಯ ಭಾಷೆ ಅವರಿಗೆ ಬಾರದು. ಒಬ್ಬನ ಎದುರು ನಿಂತು ತನ್ನ ಎಡಗಿವಿ ಹಿಡಿದು ಜಗ್ಗಿ ತೋರಿಸಿದರು. ಅವನು ಫೋಟೋ ನೋಡಿ, ಕಿವಿ ಕಾಣೆಯಾದದ್ದನ್ನು ಕಂಡು ಗಾಬರಿಯಾಗಿ, ಎದುರಿನ ಸ್ಟುಡಿಯೋಗೆ ಓಡಿದ. ಇನ್ನೊಬ್ಬಳ ಫೋಟೋ ನೋಡಿ ಮೆಚ್ಚಿ ಬೆನ್ನು ತಟ್ಟಿದರು. ಅವಳು ಇವರು ಅಧಿಕಾರಿಯೆಂದೇ ತಿಳಿದು ಎರಡೂ ಕೈ ಹಿಡಿದು ಧನ್ಯವಾದ ಹೇಳಿದಳು. ಬೇಡ ಎನ್ನಲಿಲ್ಲ ಮಾವ.

ಗೇಟಿನ ಕಾವಲುಗಾರ ನಮ್ಮ ಕಾಗದ ನೋಡಿದ. ಮೂರು ಎಂದಿತ್ತು. ತಲೆ ಎಣಿಸಿದ. ಮೂರಿದ್ದವು. ಬಿಟ್ಟ. ನಮ್ಮ ಟಿಕೆಟ್ ಏಜೆಂಟರು ಕಾನೂನು ಬಲ್ಲವರೆಂದು ನನಗೆ ಅನ್ನಿಸಿದ್ದು ಆಗ.

ಒಳಗೆ ಮೊದಲ ಕೌಂಟರು ಫೋಟೋಕ್ಕೇ ಮೀಸಲು. ಮಾವನ ಸಿದ್ಧಾಂತವನ್ನು ಕಟ್ಟಡದಲ್ಲೂ ಒಪ್ಪಿಕೊಂಡಿದ್ದರು. ಗಾಜಿನ ಹಿಂದೆ ಕನ್ನಡಕಕ್ಕೆ ಸರ ಹಾಕಿಕೊಂಡ ಹೆಂಗಸು. ಪುಟ್ಟಿಯ ಫೋಟೋ ತೆಗೆದುಕೊಂಡು ಅಳತೆಪಟ್ಟಿ ಇಟ್ಟರು, ಸರಿ ಎಂದರು. ನನ್ನದಕ್ಕೂ ಇಟ್ಟರು.

“ತುಂಬ ಅಚ್ಚುಕಟ್ಟಾಗಿದೆ. ಯಾರು ತೆಗೆದದ್ದು?”

ನಾನು ಮಾವನಿಗೆ ಹೇಳಿದೆ. ಮಾವ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

“ಮುಖ್ಯ ಅರ್ಜಿದಾರರದ್ದು?”

ಮಾವ ಲಕೋಟೆ ಹರಿದು ಫೋಟೋವನ್ನು ಗಾಜಿನ ಕೆಳಗೆ ಸರಿಸಿದರು. ನಾನು ಅದನ್ನು ನೋಡಿದ್ದು ಆಗಲೇ.

ಅವರು ನಗುತ್ತಿದ್ದರು. ತುಟಿ ಬಿಗಿಹಿಡಿಯಲು ನೋಡಿ, ಸೋತು, ಪೂರ್ತಿ ನಕ್ಕುಬಿಟ್ಟಿದ್ದರು. ಮೇಲಿನ ಸಾಲಿನ ಹಲ್ಲು ಅಷ್ಟೂ ಕಾಣುತ್ತಿತ್ತು. ಮುಂದಿನ ಹಲ್ಲಿನ ಮುರಿದ ಮೂಲೆಯೂ ಕಾಣುತ್ತಿತ್ತು. ಕಿವಿ ಎರಡೂ ಸರಿಯಾಗಿದ್ದವು.

“ಇದು ನಡೆಯಲ್ಲ,” ಹೆಂಗಸು ಹೇಳಿದರು. “ನಗ್ತಿದ್ದಾರೆ. ಹಲ್ಲು ಕಾಣಬಾರದು.”

ನಾನು ಕನ್ನಡದಲ್ಲಿ ಹೇಳುವ ಮೊದಲೇ ಮಾವ “ಗೊತ್ತು” ಎಂದರು.

“ಎದುರಿಗೇ ಸ್ಟುಡಿಯೋ ಇದೆ. ಅವರನ್ನ ಕರ್ಕೊಂಡು ಹೋಗಿ ಇನ್ನೊಂದು ತೆಗೆಸಿಬಿಡಿ. ಹತ್ತು ನಿಮಿಷದ ಕೆಲಸ. ನಿಮ್ಮ ಸರದಿ ಹಾಗೇ ಇಟ್ಟಿರ್ತೀನಿ.” ಒಳ್ಳೆಯವರು. ಹಿಂದೆ ಅಷ್ಟು ಜನ ಇದ್ದರೂ ಅವಸರ ಮಾಡಲಿಲ್ಲ.

“ಏನಂತೆ?”

“ಇನ್ನೊಂದು ತೆಗೆಸಿ ಅಂತಿದ್ದಾರೆ ಮಾವ.”

ಮಾವ ಗಾಜನ್ನೇ ನೋಡುತ್ತಿದ್ದರು. “ನಾನೂ ಅದೇ ಅಂದಿದ್ದೆ ಅನ್ನು. ಬುಧವಾರ ಎಷ್ಟು ಬೈದ್ರೂ ನಗು ನಿಲ್ಲಿಸ್ಲಿಲ್ಲ. ಹಾಳಾಗಿ ಹೋಗು, ಸೋಮವಾರ ಇನ್ನೊಂದು ತೆಗೆಯೋಣ, ಅಲ್ಲೀವರೆಗೆ ಇದಿರ್ಲಿ ಅಂತ ಮುದ್ರೆ ಒತ್ತಿದೆ. ಸ್ಟುಡಿಯೋ ನನ್ನ ಹತ್ರಾನೂ ಇದೆ ಅನ್ನು. ಕ್ಯಾಮೆರಾ ಇದೆ, ಸ್ಟೂಲಿದೆ. ಕೂರೋನು ಬೇಕಲ್ಲ. ಹೇಳು ಅವರಿಗೆ.”

ನಾನು ಪುಟ್ಟಿಯ ಕೈ ಹಿಡಿದುಕೊಂಡೆ.

“ಹೇಳಮ್ಮ.”

ಇಂಗ್ಲಿಷ್ ನನಗೆ ಚೆನ್ನಾಗಿ ಬರುತ್ತದೆ. ಅದರಲ್ಲೇ ಎಂ.ಎ. ಮಾಡಿದವಳು. ಆದರೆ ಸೋಮವಾರ, ಸ್ಟೂಲು, ಬೈಗುಳ ಯಾವುದೂ ನಾಲಿಗೆಗೆ ಬರಲಿಲ್ಲ. “ನನ್ನ ಗಂಡ ತೀರಿಕೊಂಡಿದ್ದಾರೆ” ಎಂದಷ್ಟೇ ಹೇಳಿದೆ. ನನ್ನ ದನಿ ನನಗೇ ಕೇಳಿಸಿತು. ಹೇಳಿದ್ದು ಅದೇ ಮೊದಲು.

ಹೆಂಗಸು ಕಂಪ್ಯೂಟರಿನಲ್ಲಿ ಕೆಳಗೆ ಕೆಳಗೆ ಹೋಗಿ ಓದಿದರು. ಕನ್ನಡಕ ತೆಗೆದರು. “ಇಲ್ಲೇ ಇದೆ,” ಎಂದರು. “ನೀವು ಬರೆದಿದ್ದೀರಿ. ದಾಖಲಾಗಿದೆ. ಯಾರೂ ಓದಿಲ್ಲ.” ಏನು ಮಾಡಬೇಕೆಂದು ತೋಚದೆ ಫೋಟೋ ತಿರುಗಿಸಿ ಹಿಂದಿನ ಮುದ್ರೆ ನೋಡಿದರು.

“ಇನ್ನೂ ಒಂಬತ್ತು ದಿನ ಇದೆ,” ಎಂದರು ಮಾವ.

ಅದನ್ನು ನಾನು ಅನುವಾದಿಸಲಿಲ್ಲ.

ಒಳಗಿಂದ ಹಿರಿಯ ಅಧಿಕಾರಿಯೊಬ್ಬರು ಬಂದರು. ಮರಣ ಪತ್ರ ನೋಡಿ, ವಿಷಾದ ತಿಳಿಸಿ, ನಿಯಮ ಹೇಳಿದರು. ನಾನು ಓದಿದ್ದ ನಿಯಮವೇ. ಒಂದಕ್ಷರ ಬದಲಾಗಿರಲಿಲ್ಲ. ಅದನ್ನು ಮಾವನಿಗೆ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು.

“ನಿನಗೆ ಇದು ಗೊತ್ತಿತ್ತಾ?”

“ಗೊತ್ತಿತ್ತು ಮಾವ.”

“ಯಾವಾಗಿಂದ?”

“ಸಂದರ್ಶನ ನಿಲ್ಲಿಸಿದ ಕಾಗದ ಬಂದ ದಿನದಿಂದ.”

“ಅವತ್ತೇ ಹೇಳೋದಲ್ವಾ?”

“ಅವತ್ತು ನೀವು ಗಡ್ಡ ಕೆರೆದುಕೊಂಡಿದ್ರಿ.”

ಮಾವ ಗಲ್ಲ ಮುಟ್ಟಿ ನೋಡಿಕೊಂಡರು. ಹೆಂಗಸು ಫೋಟೋವನ್ನು ಹರಿದ ಲಕೋಟೆಯಲ್ಲಿ ಹಾಕಿ, ಗಾಜಿನ ಕೆಳಗಿನಿಂದ ಎರಡೂ ಕೈ ಸೇರಿಸಿ ಹಿಂದಕ್ಕೆ ಕೊಟ್ಟರು. ಪುಟ್ಟಿ ಕೌಂಟರಿನ ಅಂಚು ಹಿಡಿದು ಜೋತುಬಿದ್ದು, “ನನ್ನ ಫೋಟೋ ಪಾಸಾ?” ಎಂದು ಕೇಳಿದಳು. ಅವರು ಏನೆಂದು ನನ್ನ ಮುಖ ನೋಡಿದರು. ಹೇಳಿದೆ. ಪಾಸು ಎಂದರು.

ಊರಿಗೆ ಮರಳಿದ ದಿನ ಷಟರ್ ಎತ್ತುವ ಮೊದಲೇ ಔಷಧಿ ಅಂಗಡಿಯವರು, ಟಿಕೆಟ್ ಏಜೆಂಟರು, ಹಿಂದೆ ಇನ್ನೂ ನಾಲ್ಕಾರು ಮನೆಯವರು ನಿಂತಿದ್ದರು.

“ಏನಾಯ್ತು ಸಾಹೇಬ್ರೇ?”

“ಫೋಟೋ ವಾಪಸ್ ಬಂತು,” ಎಂದರು ಮಾವ.

ನಲವತ್ತೊಂದು ವರ್ಷದಲ್ಲಿ ಮೊದಲ ಸಲ ವೀಸಾ ಸಾಹೇಬರ ಫೋಟೋ ವಾಪಸ್ ಬಂದಿತ್ತು. ಸುದ್ದಿ ಮನೆಮನೆಗೆ ಹೋಯಿತು. ಸಂಜೆಯವರೆಗೂ ಜನ ಬರುತ್ತಲೇ ಇದ್ದರು. ಆರು ತಿಂಗಳ ಹಿಂದೆ ಬಾಗಿಲಲ್ಲಿ ನಿಂತು ಚಪ್ಪಲಿ ನೋಡಿಕೊಂಡು ಹೋಗಿದ್ದವರು ಈಗ ಒಳಗೆ ಬಂದು ಕೂತರು. ಈ ಸಲ ಅವರಿಗೆ ಏನು ಹೇಳಬೇಕೆಂದು ಗೊತ್ತಿತ್ತು.

“ಎಷ್ಟೇ ಜೋಪಾನ ಮಾಡಿದ್ರೂ ಒಂದೊಂದು ಸಲ ಹೀಗಾಗುತ್ತೆ,” ಎಂದರು ಒಬ್ಬರು.

“ನಿಮ್ಮ ಕೈಲಿ ಏನಿತ್ತು ಸಾಹೇಬ್ರೇ,” ಎಂದರು ಔಷಧಿ ಅಂಗಡಿಯವರು.

“ನನ್ನದೇ ತಪ್ಪು,” ಮಾವ ತಿರುಗುವ ಸ್ಟೂಲಿನ ಮೇಲೆ ಕೂತಿದ್ದರು. “ಅವತ್ತೇ ಇನ್ನೊಂದು ತೆಗೀಬೇಕಿತ್ತು. ಸೋಮವಾರ ಅನ್ನಬಾರದಿತ್ತು.” ಅಷ್ಟು ಹೇಳಿ ಅತ್ತರು. ಆರು ತಿಂಗಳಲ್ಲಿ ನಾನು ಅದನ್ನು ಕಂಡಿರಲಿಲ್ಲ. ಸ್ಟೂಲು ತಾನಾಗಿ ಅರ್ಧ ಸುತ್ತು ತಿರುಗಿ ಅವರ ಮುಖ ಬಿಳಿ ಬಟ್ಟೆಯ ಕಡೆಗಾಯಿತು.

ಒಂದು ಫೋಟೋಕ್ಕೆ ಇಷ್ಟು ಅಳಬಾರದು ಎಂದು ಟಿಕೆಟ್ ಏಜೆಂಟರು ಹೇಳಿದರು. ಹೇಳಿ, ತಾವೂ ಕಣ್ಣು ಒರೆಸಿಕೊಂಡರು.

ಉಳಿದಿದ್ದ ದಿನಗಳು ಕಳೆದವು. ಫೋಟೋದ ಆಯಸ್ಸು ಮುಗಿದ ಮರುದಿನ ಬೆಳಿಗ್ಗೆ ಮಾವ ಗಡ್ಡ ಕೆರೆದುಕೊಂಡು, ಏಣಿ ಹಾಕಿ, ಗೋಡೆಯ ಬೋರ್ಡಿನ ಪಕ್ಕ ಒಂದು ಮೊಳೆ ಹೊಡೆದರು. ದೊಡ್ಡದು ಮಾಡಿಸಿರಲಿಲ್ಲ. ಅದೇ ಎರಡಿಂಚು ಚೌಕ, ಒಂದು ಪುಟ್ಟ ಚೌಕಟ್ಟಿನಲ್ಲಿ.

ಗಿರಾಕಿಗಳು ಸ್ಟೂಲಿನ ಮೇಲೆ ಕೂತರೆ ಎದುರಿಗೆ ಕಾಣುವುದು ಅದೇ. ಹಲ್ಲು ಒಂದೂ ಕಾಣಬಾರದು ಎಂದು ಓದುತ್ತಾರೆ, ಪಕ್ಕದಲ್ಲಿ ಅಷ್ಟೂ ಹಲ್ಲು ನೋಡುತ್ತಾರೆ. ಅವರ ತುಟಿಯೂ ಸಡಿಲವಾಗುತ್ತದೆ.

“ಇವರು ನಗ್ತಿದ್ದಾರಲ್ಲ?” ಎಂದು ಕೇಳುತ್ತಾರೆ.

“ಅದಕ್ಕೇ ಅವನಿಗೆ ವೀಸಾ ಸಿಗಲಿಲ್ಲ,” ಎನ್ನುತ್ತಾರೆ ಮಾವ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. “ಇಲ್ಲೇ ಉಳಿದ. ನೀವು ಬಾಯಿ ಮುಚ್ಚಿ, ಇತ್ತ ನೋಡಿ.”